ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ ಗೇಮಿಂಗ್ ಕೆಫೆ: ಎಂಟು ತಿಂಗಳ ಗಿರಾಕಿಯ ವಿಮರ್ಶೆ

ಮೈಸೂರಿನ ಕುವೆಂಪುನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿರುವ ಗೇಮಿಂಗ್ ಕೆಫೆಗೆ ಕಳೆದ ಎಂಟು ತಿಂಗಳಿಂದ ವಾರಕ್ಕೊಮ್ಮೆಯಾದರೂ ಹೋಗುತ್ತಿದ್ದೇನೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದರ ಕೆಲವು ಕುಂದುಗಳನ್ನು ಹೇಳಬೇಕಾಗಿರುವುದು ಒಂದು ಕಾರಣ. ಹೆಸರು ಬರೆದ ಮರುದಿನವೇ ಬರೆದವನು ಯಾರೆಂಬುದು ನನ್ನ ಕ್ಲೈಂಟ್‌ಗಳಲ್ಲಿ ನಾಲ್ಕು ಜನರಿಗಾದರೂ ತಿಳಿದುಬಿಡುತ್ತದೆ ಎಂಬುದು ಇನ್ನೊಂದು. ನಾನು ವೃತ್ತಿಯಿಂದ ಲೆಕ್ಕಪರಿಶೋಧಕ, ವಯಸ್ಸು 44. ಲೆಕ್ಕಪರಿಶೋಧಕನೊಬ್ಬ ಭಾನುವಾರ ಕ್ರಿಕೆಟ್ ಆಡಿದರೆ ಮೈ ಚೆನ್ನಾಗಿ ಇಟ್ಟುಕೊಂಡಿದ್ದಾನೆ ಎನ್ನುತ್ತಾರೆ, ಕ್ಲಬ್ಬಿನಲ್ಲಿ ಇಸ್ಪೀಟು ಆಡಿದರೆ ದೊಡ್ಡವರ ಒಡನಾಟ ಇದೆ ಎನ್ನುತ್ತಾರೆ. ಹೆಡ್‌ಸೆಟ್ ಹಾಕಿಕೊಂಡು ವ್ಯಾಲೊರಂಟ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟ ಆಡುತ್ತಾನೆಂದು ಗೊತ್ತಾದರೆ ಮಾತ್ರ ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸುತ್ತಾರೆ.

ಮೊದಲು ಯಂತ್ರಗಳ ವಿಚಾರ. ಒಟ್ಟು 22 ಕಂಪ್ಯೂಟರ್‌ಗಳು ಎರಡು ಸಾಲಿನಲ್ಲಿವೆ, ಹಿಂದಿನ ಚಿಕ್ಕ ಕೋಣೆಯಲ್ಲಿ ಟಿವಿಗೆ ಜೋಡಿಸಿ ಆಡುವ ಎರಡು ಪ್ಲೇಸ್ಟೇಷನ್ 5 ಇವೆ. ಒಳಗಿನ ಸಾಲಿನವುಗಳಲ್ಲಿ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ, ಗೋಡೆ ಕಡೆಯ ಸಾಲಿನಲ್ಲಿ ಅದಕ್ಕಿಂತ ಒಂದು ತಲೆಮಾರು ಹಳೆಯದು. ವ್ಯಾಲೊರಂಟ್ ಅಥವಾ ಕೌಂಟರ್ ಸ್ಟ್ರೈಕ್ ಆಡುವವರಿಗೆ ಎರಡರಲ್ಲಿ ಯಾವುದಾದರೂ ಸಾಕು, ವ್ಯತ್ಯಾಸ ಕಾಣುವುದು ಮಾನಿಟರ್‌ನಲ್ಲಿ. ಆರು ಜಾಗಗಳಲ್ಲಿ ಮಾತ್ರ 240 ಹರ್ಟ್ಸ್, ಅಂದರೆ ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ ಮಾನಿಟರ್ ಇದೆ, ಉಳಿದೆಡೆ 144. ನನ್ನ ವಯಸ್ಸಿನ ಕಣ್ಣಿಗೆ ಇವೆರಡರ ನಡುವಿನ ಅಂತರ ಹಿಡಿಯುವುದು ಕಷ್ಟ, ಆದರೆ ಪಕ್ಕದಲ್ಲಿ ಕೂರುವ ಹುಡುಗರು 144ರ ಮುಂದೆ ಕೂರಿಸಿದರೆ ಬಾಡಿಗೆ ಮನೆಯಲ್ಲಿ ನೀರು ಬರದವರಂತೆ ಮುಖ ಮಾಡುತ್ತಾರೆ. ಮುಂಬೈ ಸರ್ವರ್‌ಗೆ ಪಿಂಗ್, ಅಂದರೆ ಸಂಕೇತ ಅಲ್ಲಿಗೆ ಹೋಗಿಬರಲು ಹಿಡಿಯುವ ಸಮಯ, 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಂಜೆ ಎಲ್ಲ ಕುರ್ಚಿಗಳೂ ತುಂಬಿದ್ದಾಗ ಯಾರಾದರೂ ಒಬ್ಬರು ದೊಡ್ಡ ಅಪ್‌ಡೇಟ್ ಹಾಕಿಬಿಟ್ಟರೆ ಅದು 90ಕ್ಕೆ ಏರುವುದನ್ನೂ ಕಂಡಿದ್ದೇನೆ. ಸೆಸ್ಕ್‌ನವರು ಕರೆಂಟ್ ತೆಗೆದರೆ ಯುಪಿಎಸ್ ಹದಿನೈದು ನಿಮಿಷ ಹಿಡಿಯುತ್ತದೆ. ನಡೆಯುತ್ತಿರುವ ಪಂದ್ಯ ಮುಗಿಸಲು ಸಾಲದು, ಕ್ಷಮೆ ಕೇಳಿ ಹೊರಬರಲು ಸಾಕು.

ಕೀಬೋರ್ಡ್‌ಗಳೆಲ್ಲ ಮೆಕ್ಯಾನಿಕಲ್. ನಾನು ಸಾಮಾನ್ಯವಾಗಿ ಕೂರುವ ಹದಿನಾಲ್ಕನೆಯ ಯಂತ್ರದಲ್ಲಿ ಆಟದಲ್ಲಿ ಓಡಾಡಲು ಒತ್ತುವ ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಅಕ್ಷರಗಳು ಸಂಪೂರ್ಣವಾಗಿ ಅಳಿಸಿಹೋಗಿ, ಹಳೆಯ ಮನೆಯ ಹೊಸ್ತಿಲಿನಂತೆ ನುಣುಪಾಗಿವೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಹೆಡ್‌ಸೆಟ್‌ಗಳ ಬಗ್ಗೆ. ಕಿವಿಯ ಮೇಲೆ ಕೂರುವ ಮೆತ್ತೆಯ ತೊಗಲು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದು, ಎರಡು ಗಂಟೆ ಆಡಿ ಎದ್ದರೆ ಕಿವಿಯ ಸುತ್ತ ಕಪ್ಪು ಹುಡಿ ಅಂಟಿಕೊಂಡಿರುತ್ತದೆ. ಒಮ್ಮೆ ಹಾಗೆಯೇ ಮದುವೆಯ ಆರತಕ್ಷತೆಯೊಂದಕ್ಕೆ ಹೋಗಿ, ಅದೇನೆಂದು ಕೇಳಿದ ಷಡ್ಡಕನಿಗೆ ಕಾರಿನ ಬಾನೆಟ್ ತೆಗೆದಿದ್ದೆ ಎಂದು ಸುಳ್ಳು ಹೇಳಿದೆ. ಈಗ ಸ್ವಂತ ಹೆಡ್‌ಸೆಟ್ಟನ್ನು ಲ್ಯಾಪ್‌ಟಾಪ್ ಚೀಲದಲ್ಲಿ, ಕಡತಗಳ ಕೆಳಗೆ ಇಟ್ಟುಕೊಂಡು ಹೋಗುತ್ತೇನೆ.

ಇನ್ನು ಗಾಜಿನ ವಿಚಾರ. ರಸ್ತೆಗೆ ಮುಖ ಮಾಡಿದ ನಾಲ್ಕು ದೊಡ್ಡ ಕಿಟಕಿಗಳಿಗೂ ಮೇಲಿನಿಂದ ಕೆಳಗಿನವರೆಗೆ ಕಪ್ಪು ಫಿಲ್ಮ್ ಅಂಟಿಸಿದ್ದಾರೆ. ಅದರ ಮೇಲೆ ಹೆಡ್‌ಫೋನ್ ಹಾಕಿಕೊಂಡ ತಲೆಬುರುಡೆಯ ಚಿತ್ರ, ಕೆಳಗೆ ರಕ್ತ ತೊಟ್ಟಿಕ್ಕುವಂತೆ ಬಿಡಿಸಿದ ಇಂಗ್ಲಿಷ್ ಅಕ್ಷರಗಳು. ಮೆಟ್ಟಿಲಿನ ಉದ್ದಕ್ಕೂ ನೇರಳೆ ಬಣ್ಣದ ಎಲ್‌ಇಡಿ ಪಟ್ಟಿ. ಕೆಳಗಿನ ಬೇಕರಿಯಲ್ಲಿ ಬನ್ನು ಕೊಳ್ಳಲು ಬಂದ ಯಾವ ತಾಯಿಯಾದರೂ ಒಮ್ಮೆ ತಲೆಯೆತ್ತಿ ಅದನ್ನು ನೋಡಿದರೆ, ಮೇಲೆ ಏನು ನಡೆಯುತ್ತದೆಂದು ಬೇರೆಯವರು ಹೇಳಬೇಕಾಗಿಲ್ಲ. ನಮ್ಮ ಊರಿನಲ್ಲಿ ಗಾಜಿಗೆ ಕಪ್ಪು ಬಳಿದುಕೊಳ್ಳುವ ಅಂಗಡಿಗಳು ಯಾವುವೆಂದು ಎಲ್ಲರಿಗೂ ತಿಳಿದಿದೆ, ಆ ಸಾಲಿಗೆ ಈ ಕೆಫೆ ತಾನಾಗಿಯೇ ಹೋಗಿ ನಿಂತಿದೆ.

ಒಳಗೆ ಹೋದರೆ ಕಾಣುವುದು ಬೇರೆಯದೇ ಜನ. ಸಂಜೆ ಏಳರ ಹೊತ್ತಿಗೆ ಇಂಜಿನಿಯರಿಂಗ್ ಹುಡುಗರೇ ಹೆಚ್ಚು, ಅದು ನಿಜ. ಆದರೆ ಒಂಬತ್ತರ ನಂತರ ಹೂಟಗಳ್ಳಿ ಕಡೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಇಬ್ಬರು ಬರುತ್ತಾರೆ; ಔಷಧ ಕಂಪನಿಯ ಪ್ರತಿನಿಧಿಯೊಬ್ಬರು ಟೈ ಸಡಿಲಿಸಿಕೊಂಡು ಬಂದು ಒಂದೇ ಗಂಟೆ ಕಾರ್ ರೇಸ್ ಆಡಿ ಹೋಗುತ್ತಾರೆ; ಪ್ರತಿ ಗುರುವಾರ ಬರುವ ಇಬ್ಬರು ದಂತವೈದ್ಯರು, ಗಂಡ ಹೆಂಡತಿ, ಪ್ಲೇಸ್ಟೇಷನ್ ಕೋಣೆಯಲ್ಲಿ ಫುಟ್‌ಬಾಲ್ ಆಡುತ್ತ ಗೋಲು ಬಿದ್ದಾಗಲೆಲ್ಲ ಒಬ್ಬರನ್ನೊಬ್ಬರು ಚೆನ್ನಾಗಿ ಬೈಯುತ್ತಾರೆ. ಮುಖದಲ್ಲಿ ಮೊಡವೆ, ಕೈಯಲ್ಲಿ ಎನರ್ಜಿ ಡ್ರಿಂಕ್, ಮಾತಾಡಿಸಿದರೆ ತಲೆಯೆತ್ತದ ಹುಡುಗ ಎಂದು ಜನ ಗೇಮರ್‌ಗೆ ಕೊಟ್ಟಿರುವ ರೂಪಕ್ಕೆ ಹೊಂದುವವರನ್ನು ಹುಡುಕಿದರೆ ಒಬ್ಬಿಬ್ಬರು ಸಿಕ್ಕಾರು. ಅಷ್ಟು ಮಂದಿ ನಮ್ಮ ಆಡಿಟ್ ಕಚೇರಿಯಲ್ಲಿಯೂ ಸಿಗುತ್ತಾರೆ.

ಫಿಲ್ಮ್ ಏಕೆ ಎಂದು ಮಾಲೀಕನನ್ನು ಎರಡು ಸಲ ಕೇಳಿದ್ದೇನೆ. ಮೂವತ್ತು ದಾಟಿರದ, ಮೃದುವಾಗಿ ಮಾತನಾಡುವ ಮನುಷ್ಯ. ಹುಡುಗರೆಲ್ಲ ಅವನನ್ನು ಅಣ್ಣ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ಪಶ್ಚಿಮದ ಬಿಸಿಲು ನೇರವಾಗಿ ಪರದೆಯ ಮೇಲೆ ಬೀಳುತ್ತದೆ, ಎಸಿ ಬಿಲ್ಲೂ ಹೆಚ್ಚುತ್ತದೆ ಎಂದ. ಅದಕ್ಕೆ ಪರದೆ ಬಟ್ಟೆಯೋ ಬ್ಲೈಂಡ್ಸೋ ಸಾಲದೇ ಎಂದು ಎರಡನೆಯ ಸಲ ಕೇಳಿದಾಗ ನಿಜ ಹೇಳಿದ: “ಸರ್, ಗಾಜು ತೆರೆದಿಟ್ರೆ ಅರ್ಧ ಜನ ಬರಲ್ಲ. ನಿಮ್ಮನ್ನೇ ಕೇಳ್ತೀನಿ, ನೀವು ಬರ್ತೀರಾ?” ನಾನು ಉತ್ತರ ಕೊಡಲಿಲ್ಲ. ಹಿಂದಿನ ವಾರವಷ್ಟೇ ನನ್ನ ಹಳೆಯ ಕ್ಲೈಂಟ್ ಒಬ್ಬರು ಕೆಳಗಿನ ಬೇಕರಿಯ ಮುಂದೆ ಸ್ಕೂಟರ್ ನಿಲ್ಲಿಸಿದ್ದನ್ನು ಅದೇ ಫಿಲ್ಮಿನ ಮೂಲೆ ಕಿತ್ತುಬಂದಿದ್ದ ಜಾಗದಿಂದ ನೋಡಿ, ಅವರು ಹೋಗುವವರೆಗೆ ಇಪ್ಪತ್ತು ನಿಮಿಷ ಹೆಚ್ಚು ಆಡಿ, ಅದಕ್ಕೂ ದುಡ್ಡು ಕೊಟ್ಟು ಬಂದಿದ್ದೆ.

ಬಡಾವಣೆಯವರು ಇದನ್ನು ‘ಪಬ್‌ಜಿ ಅಂಗಡಿ’ ಎನ್ನುತ್ತಾರೆ. ಇಲ್ಲಿ ಆ ಆಟವನ್ನು ಆಡುವವರನ್ನು ನಾನು ಕಂಡಿಲ್ಲ, ಏಕೆಂದರೆ ಜನ ಪಬ್‌ಜಿ ಎಂದು ಕರೆಯುವುದು ಮೊಬೈಲ್ ಆಟವನ್ನು, ಅದಕ್ಕೆ ಗಂಟೆಗೆ ದುಡ್ಡು ಕೊಟ್ಟು ಕೂರಬೇಕಾಗಿಲ್ಲ. ಆದರೂ ಹೆಸರು ಅಂಟಿಕೊಂಡಿದೆ, ಅಂಟಿಕೊಂಡದ್ದಕ್ಕೆ ಕಾರಣಗಳೂ ಇವೆ. 2019ರ ಜನವರಿಯಲ್ಲಿ ಪ್ರಧಾನಿಯವರು ವಿದ್ಯಾರ್ಥಿ, ಪೋಷಕರೊಡನೆ ಮಾತಾಡುವ ಪರೀಕ್ಷಾ ಪೇ ಚರ್ಚಾ ಕಾರ್ಯಕ್ರಮದಲ್ಲಿ ಮಗ ಆನ್‌ಲೈನ್ ಆಟಕ್ಕೆ ಬಿದ್ದಿದ್ದಾನೆಂದು ತಾಯಿಯೊಬ್ಬರು ಹೇಳಿಕೊಂಡಾಗ, ಪ್ರಧಾನಿಯವರು ಇವನು ಪಬ್‌ಜಿಯವನೇ ಎಂದು ಕೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ತಂದೆಯ ಕೊಲೆಯಾಯಿತು, ಆರೋಪಿ ಮಗ. ಪತ್ರಿಕೆಗಳ ತಲೆಬರಹದಲ್ಲಿ ಆಟದ ಹೆಸರು ಮೊದಲು ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಅನ್ನು ನಿಷೇಧಿಸಿದ್ದು ದತ್ತಾಂಶ ಮತ್ತು ದೇಶದ ಭದ್ರತೆಯ ಕಾರಣಕ್ಕೆ, ಚೀನಾ ಮೂಲದ ಇತರ ಆ್ಯಪ್‌ಗಳ ಜೊತೆಗೆ. ನಮ್ಮ ಬೀದಿಗಳಲ್ಲಿ ಮಾತ್ರ, ಮಕ್ಕಳು ಹಾಳಾಗುತ್ತಾರೆಂದು ಸರ್ಕಾರವೇ ನಿಲ್ಲಿಸಿತು ಎಂಬ ಅರ್ಥ ಉಳಿಯಿತು. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದದ್ದು ಬಡಾವಣೆಯ ಹಿರಿಯರಿಗೆ ಇನ್ನೂ ತಲುಪಿದಂತಿಲ್ಲ.

ಮಾಲೀಕನ ಪರವಾಗಿ ಹೇಳಬೇಕಾದದ್ದೂ ಇದೆ. ಕೌಂಟರಿನ ಹಿಂದಿನ ಗೋಡೆಯಲ್ಲಿ ಅವನು ಎರಡು ವಸ್ತುಗಳನ್ನು ಲ್ಯಾಮಿನೇಟ್ ಮಾಡಿ ಹಾಕಿದ್ದಾನೆ. ಒಂದು, 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ (ಪಂದ್ಯವಾಗಿ ಆಡುವ ವಿಡಿಯೊ ಗೇಮ್) ಪ್ರದರ್ಶನ ಸ್ಪರ್ಧೆಯಾಗಿದ್ದಾಗ ಹಾರ್ತ್‌ಸ್ಟೋನ್ ಎಂಬ ಕಾರ್ಡ್ ಆಟದಲ್ಲಿ ಕಂಚು ಗೆದ್ದ ತೀರ್ಥ್ ಮೆಹ್ತಾ ಅವರ ಸುದ್ದಿಯ ತುಣುಕು. ಇನ್ನೊಂದು, ಇಲ್ಲಿ ಹಣ ಕಟ್ಟಿ ಆಡುವ ಯಾವ ಆಟಕ್ಕೂ ಅವಕಾಶವಿಲ್ಲ ಎಂದು ಕನ್ನಡದಲ್ಲಿ ಬರೆದ ಸೂಚನೆ. ಎರಡನೆಯದನ್ನು ಹಾಕಿದ್ದು ಬೀಟ್ ಪೊಲೀಸರಿಗಾಗಿ. ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ ಸರ್ಕಾರ ತಂದ ಪೊಲೀಸ್ ತಿದ್ದುಪಡಿ ಕಾಯ್ದೆ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸುವವರೆಗೆ, ಗೇಮಿಂಗ್ ಎಂಬ ಪದವಿರುವ ಬೋರ್ಡು ಕಂಡರೆ ಒಳಗೆ ಇಣುಕಿ ಹೋಗುವುದು ವಾಡಿಕೆಯಾಗಿತ್ತಂತೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ಹಣ ಕಟ್ಟಿ ಆಡುವ ಆಟ ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿ ಎರಡನೆಯದನ್ನು ನಿಷೇಧಿಸಿತು. ಕಾನೂನಿನಲ್ಲಿ ಬಿಡಿಸಿದ ಗಂಟು ಮಾತಿನಲ್ಲಿ ಇನ್ನೂ ಬಿಗಿದೇ ಇದೆ, ಏಕೆಂದರೆ ನಮ್ಮ ಮನೆಗಳಲ್ಲಿ ರಮ್ಮಿಯ ಆ್ಯಪ್‌ನಲ್ಲಿ ಸಂಬಳ ಕಳೆದುಕೊಂಡವನಿಗೂ ಗೇಮ್ ಆಡ್ತಾನೆ ಎನ್ನುತ್ತೇವೆ, ಸಂಜೆ ಒಂದು ಗಂಟೆ ಫುಟ್‌ಬಾಲ್ ಆಡುವ ದಂತವೈದ್ಯರಿಗೂ ಅದನ್ನೇ ಎನ್ನುತ್ತೇವೆ.

ಇದರಿಂದಾಗುವ ನಷ್ಟ ಮಾತಿನದು ಮಾತ್ರವಲ್ಲವೆಂದು ನನಗೆ ವೃತ್ತಿಯಲ್ಲಿಯೇ ತಿಳಿಯಿತು. ಮನೆ ಸಾಲಕ್ಕೆ ಅರ್ಜಿ ಹಾಕಿದ್ದ ನನ್ನ ಕ್ಲೈಂಟ್ ಒಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ, ಬೇರೊಂದು ಊರಿನ ಕೆಫೆಗೆ ಪ್ರತಿ ಶನಿವಾರ ಮುನ್ನೂರು ನಾನೂರು ರೂಪಾಯಿ ಯುಪಿಐ ಮೂಲಕ ಕೊಟ್ಟದ್ದು ಆ ಕೆಫೆಯ ಹೆಸರಿನೊಂದಿಗೆ ಸಾಲಾಗಿ ಬಂದಿತ್ತು. ಅರ್ಜಿದಾರರಿಗೆ ಜೂಜಿನ ಅಭ್ಯಾಸವಿದೆಯೇ ಎಂದು ಬ್ಯಾಂಕಿನಿಂದ ಪ್ರಶ್ನೆ ಬಂತು. ಅದೇ ಸ್ಟೇಟ್‌ಮೆಂಟ್‌ನಲ್ಲಿ ಇದರ ಮೂರು ಪಟ್ಟು ಮೊತ್ತ ಒಂದು ಬಾರ್ ಆ್ಯಂಡ್ ರೆಸ್ಟೋರೆಂಟ್‌ಗೆ ಹೋಗಿತ್ತು, ಅದರ ಬಗ್ಗೆ ಯಾರೂ ಕೇಳಲಿಲ್ಲ. ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಪಡೆಯುವುದು ಜೂಜಲ್ಲ ಎಂದು ನಾನು ಒಂದು ಪುಟದ ವಿವರಣಾ ಪತ್ರ ಬರೆದುಕೊಟ್ಟ ಮೇಲೆ ಕಡತ ಮುಂದೆ ಹೋಯಿತು. ಕುವೆಂಪುನಗರದ ಈ ಕೆಫೆಯವನು ಇಂಥದ್ದನ್ನು ಮೊದಲೇ ಕಂಡಿದ್ದಾನೆ. ಇಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಮೂಡುವುದು ಯಾವುದೋ ಎಂಟರ್‌ಪ್ರೈಸಸ್ ಎಂಬ ಹೆಸರು. ಬಿಲ್ಲಿನಲ್ಲಿ ಕಂಪ್ಯೂಟರ್ ಬಳಕೆ ಶುಲ್ಕ ಎಂದಿದೆ. ಅಂಗಡಿಗೆ ಹೊರಗೆ ತಲೆಬುರುಡೆ, ಒಳಗೆ ಎಂಟರ್‌ಪ್ರೈಸಸ್. ಒಬ್ಬನೇ ಮನುಷ್ಯ ಈ ಎರಡನ್ನೂ ಹೇಗೆ ಯೋಚಿಸಿದನೋ ತಿಳಿಯದು. ಬಿಲ್ಲನ್ನು ಕೇಳದೆಯೇ ಕೊಡುತ್ತಾನೆ, ಜಿಎಸ್‌ಟಿ ಸಂಖ್ಯೆಯೂ ಇರುತ್ತದೆ ಎಂಬುದನ್ನು ವೃತ್ತಿಧರ್ಮವಾಗಿ ಇಲ್ಲಿಯೇ ದಾಖಲಿಸುತ್ತೇನೆ.

ನನ್ನದೇ ತಪ್ಪೊಂದನ್ನು ಹೇಳದೆ ಈ ವಿಮರ್ಶೆ ಮುಂದುವರಿಯದು. ಕಳೆದ ವರ್ಷ ಆರ್ಟಿಕಲ್‌ಶಿಪ್‌ಗೆಂದು, ಅಂದರೆ ಸಿಎ ಓದುವವರು ಮಾಡಬೇಕಾದ ಕಚೇರಿ ತರಬೇತಿಗೆಂದು, ಒಬ್ಬ ಹುಡುಗ ನಮ್ಮ ಕಚೇರಿಗೆ ಬಂದಿದ್ದ. ಅಂಕಗಳು ಚೆನ್ನಾಗಿದ್ದವು. ಬಯೋಡೇಟಾದ ಕೊನೆಯಲ್ಲಿ ಕಾಲೇಜಿನ ಇ-ಸ್ಪೋರ್ಟ್ಸ್ ತಂಡದ ನಾಯಕ ಎಂದು ಬರೆದಿದ್ದ. ಪಾಲುದಾರರು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಕೇಳಿದೆ: “ದಿನಕ್ಕೆ ಎಷ್ಟು ಹೊತ್ತು ಆಡ್ತೀಯಪ್ಪಾ? ಆಡಿಟ್ ಸೀಸನ್‌ನಲ್ಲಿ ರಾತ್ರಿ ಹತ್ತಾಗುತ್ತೆ, ಆಗೇನ್ ಮಾಡ್ತೀಯಾ?” ಅದಕ್ಕೆ ಮೊದಲು ಬಂದಿದ್ದವನು ವಲಯ ಮಟ್ಟದ ಬ್ಯಾಡ್ಮಿಂಟನ್ ಆಟಗಾರ, ಅವನನ್ನು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆಂದು ಮೆಚ್ಚುಗೆಯಿಂದ ವಿಚಾರಿಸಿದ್ದೆವು. ಈ ಹುಡುಗ ಒಂದು ಕ್ಷಣ ತಡೆದು, ಈಗ ಬಿಟ್ಟಿದ್ದೇನೆ ಸರ್ ಎಂದ. ಸುಳ್ಳು ಎಂದು ನನಗೆ ಅಲ್ಲಿಯೇ ತಿಳಿಯಿತು, ಏಕೆಂದರೆ ಅವನ ಜಾಗದಲ್ಲಿದ್ದರೆ ನಾನು ಹೇಳುತ್ತಿದ್ದುದೂ ಅದೇ ಮಾತು. ಬ್ಯಾಡ್ಮಿಂಟನ್ ಹುಡುಗನನ್ನು ತೆಗೆದುಕೊಂಡೆವು.

ಕೆಫೆಗೆ ಬರಲು ಆರಂಭಿಸಿದ ಎರಡನೆಯ ತಿಂಗಳಲ್ಲಿ ಒಂದು ರಾತ್ರಿ, ಇನ್ನೊಂದು ಸಾಲಿನಲ್ಲಿ ಐವರಿಗೆ ಒಬ್ಬ ಕಡಿಮೆಯಾಗಿದ್ದಾನೆ, ಸೇರುತ್ತೀರಾ ಎಂದು ಮಾಲೀಕ ಕೇಳಿದ. ಸೇರಿದೆ. ವ್ಯಾಲೊರಂಟ್ ಬಲ್ಲವರಿಗೆ ಹೇಳಬೇಕಾಗಿಲ್ಲ, ತಿಳಿಯದವರಿಗಾಗಿ ಇಷ್ಟು: ಐದೈದು ಜನರ ಎರಡು ತಂಡ, ಮೊದಲು 13 ಸುತ್ತು ಗೆದ್ದವರದು ಪಂದ್ಯ, ಪ್ರತಿ ಸುತ್ತಿಗೂ ಮೊದಲು ಗಳಿಸಿದ ಕ್ರೆಡಿಟ್‌ನಿಂದ ಆಯುಧ ಕೊಳ್ಳಬೇಕು. ಆರಂಭಕ್ಕೆ 800 ಕ್ರೆಡಿಟ್ ಇರುತ್ತದೆ. ಒಳ್ಳೆಯ ಬಂದೂಕಿಗೆ 2900, ಪೂರ್ತಿ ಕವಚಕ್ಕೆ ಇನ್ನೊಂದು ಸಾವಿರ. ಸೋತ ಸುತ್ತಿಗೆ 1900 ಬರುತ್ತದೆ, ಸತತವಾಗಿ ಸೋತರೆ 2400, ಆಮೇಲೆ 2900. ಅಂದರೆ ಕೈಯಲ್ಲಿ ಇರುವುದನ್ನೆಲ್ಲ ಈಗಲೇ ಖರ್ಚು ಮಾಡುವುದೋ, ಈ ಸುತ್ತನ್ನು ಬಿಟ್ಟುಕೊಟ್ಟು ಮುಂದಿನದಕ್ಕೆ ಐವರೂ ಒಟ್ಟಿಗೆ ಸಜ್ಜಾಗುವುದೋ ಎಂಬುದು ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕಾದ ಬಜೆಟ್. ಹೆಡ್‌ಸೆಟ್‌ನಲ್ಲಿ ಒಂದು ಧ್ವನಿ ತಾಳ್ಮೆಯಿಂದ ಹೇಳುತ್ತಿತ್ತು: “ಈ ರೌಂಡ್ ಯಾರೂ ಏನೂ ತಗೋಬೇಡಿ. ಹದಿನಾಲ್ಕರಲ್ಲಿರೋರು, ನಿಮ್ಮ ಹತ್ರ 1600 ಇದೆ, ಆಸೆ ಪಡಬೇಡಿ, ಇಟ್ಕೊಳ್ಳಿ.” ಹದಿನಾಲ್ಕರಲ್ಲಿದ್ದವನು ನಾನು. ನಾಲ್ವರ ಕ್ರೆಡಿಟ್ಟನ್ನೂ ಅವನು ತಲೆಯಲ್ಲಿಯೇ ಕೂಡಿಸಿಕೊಳ್ಳುತ್ತಿದ್ದ. ಎದುರಾಳಿಗಳ ಕೈಯಲ್ಲಿ ಎಷ್ಟು ಉಳಿದಿರಬೇಕೆಂದೂ ಅಂದಾಜು ಹೇಳುತ್ತಿದ್ದ, ಬಹುಪಾಲು ಸರಿಯಾಗಿರುತ್ತಿತ್ತು. 5-9ರಿಂದ ಮೇಲೆದ್ದು 13-11ಕ್ಕೆ ಗೆದ್ದೆವು. ಎದ್ದು ನಿಂತು ಆಚೆ ಸಾಲಿನ ಕಡೆ ನೋಡಿದರೆ ಆ ಹುಡುಗ. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

“ಸರ್, ನೀವಾ?” ಎಂದ. ನಂತರ, ತಾನೇ ಏನೋ ತಪ್ಪು ಮಾಡಿದವನಂತೆ, “ನಾನು ಶನಿವಾರ ಮಾತ್ರ ಬರೋದು ಸರ್” ಎಂದು ಸೇರಿಸಿದ. ನಾನೂ ಶನಿವಾರ ಮಾತ್ರ ಎಂದೆ. ಅಂದು ಮಂಗಳವಾರ.

ಅವನು ಈಗ ಬೇರೊಂದು ಕಚೇರಿಯಲ್ಲಿದ್ದಾನೆ. ಅಲ್ಲಿಗೆ ಕೊಟ್ಟ ಬಯೋಡೇಟಾದಲ್ಲಿ ಆ ಸಾಲನ್ನು ತೆಗೆದುಹಾಕಿದ್ದನಂತೆ. ನಾಲ್ಕು ಜನರನ್ನು ಒಂದು ನಿರ್ಧಾರಕ್ಕೆ ತಂದು, ಸೋಲುತ್ತಿರುವಾಗಲೂ ಧ್ವನಿ ಏರಿಸದೆ ಕೆಲಸ ತೆಗೆಯಬಲ್ಲವನನ್ನು ಹುಡುಕುತ್ತೇವೆಂದು ನಾವು ಪ್ರತಿ ವರ್ಷ ಜಾಹೀರಾತು ಕೊಡುತ್ತೇವೆ. ಎಲ್ಲ ಆಟಗಾರರೂ ಹೀಗಿರುತ್ತಾರೆಂದು ನಾನು ಹೇಳುತ್ತಿಲ್ಲ. ಅದೇ ಸಾಲಿನಲ್ಲಿ ಕೂತು, ಸೋತ ತಕ್ಷಣ ಮೌಸನ್ನು ಮೇಜಿಗೆ ಕುಟ್ಟಿ ತನ್ನ ತಂಡದವರ ತಾಯಿ ತಂಗಿಯರನ್ನೆಲ್ಲ ಎಳೆದು ತರುವವರೂ ಇದ್ದಾರೆ. ಮಾಲೀಕ ಅಂಥವರನ್ನು ಒಮ್ಮೆ ಎಚ್ಚರಿಸಿ, ಎರಡನೆಯ ಸಲ ಹೊರಗೆ ಕಳುಹಿಸುತ್ತಾನೆ ಎಂಬುದು ಈ ಕೆಫೆಯ ದೊಡ್ಡ ಗುಣ.

ಹೆಣ್ಣುಮಕ್ಕಳ ವಿಚಾರದಲ್ಲಿ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಶೌಚಾಲಯ ಒಂದೇ, ಅದರ ಚಿಲಕ ನಾನು ನೋಡಿದಾಗಿನಿಂದಲೂ ಸಡಿಲ. ಬರುವ ಹುಡುಗಿಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬಳು, ಕೈಚಳಕದಲ್ಲಿ ನಮ್ಮೆಲ್ಲರನ್ನೂ ಮೀರಿಸುವವಳು, ಮೈಕ್ ಆನ್ ಮಾಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಆಟದೊಳಗಿನ ಅವಳ ಹೆಸರು ಒಂದು ತಿಂಡಿಯ ಹೆಸರು, ಗಂಡೋ ಹೆಣ್ಣೋ ತಿಳಿಯದಂಥದ್ದು. 2024ರ ಏಪ್ರಿಲ್‌ನಲ್ಲಿ ಪ್ರಧಾನಿಯವರು ಆಟಗಾರರನ್ನು ಕರೆಸಿ ಮಾತನಾಡಿದಾಗ ಅವರ ನಡುವೆ ಇದ್ದ ಒಬ್ಬಳೇ ಹೆಣ್ಣುಮಗಳು ಪಾಯಲ್ ಧಾರೆ. ಗಂಡು ಹುಡುಗ ಆಡಿದರೆ ಓದು ಹಾಳಾಯಿತು ಎನ್ನುವ ಜನ, ಹೆಣ್ಣು ಹುಡುಗಿ ಆಡಿದರೆ ಅದಕ್ಕಿಂತ ಮುಂದೆ ಹೋಗಿ ಏನೇನೋ ಊಹಿಸುತ್ತಾರೆ, ಒಳಗಿನ ಹುಡುಗರಂತೂ ಇವಳ ಬದಲು ಯಾರೋ ಆಡಿಕೊಡುತ್ತಿದ್ದಾರೆ ಎನ್ನುತ್ತಾರೆ. ಕತ್ತಲೆ ಕೋಣೆ, ಕಪ್ಪು ಗಾಜು, ಚಿಲಕವಿಲ್ಲದ ಬಾಗಿಲು ಇರುವ ಕಡೆಗೆ ಮಗಳನ್ನು ಕಳುಹಿಸಲು ಹಿಂಜರಿಯುವ ತಂದೆಯನ್ನು ನಾನು ಹಳೆಯ ಕಾಲದವನೆಂದು ಜರಿಯಲಾರೆ.

ಇನ್ನೊಂದು ದೂರು ಗಂಭೀರವಾದದ್ದು. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ ಹೋಗಿದ್ದಾಗ ಮೂವರು ಶಾಲಾ ಹುಡುಗರು ಸಮವಸ್ತ್ರದ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದರು. ಬೂಟುಗಳು ಶಾಲೆಯವೇ. ಕೇಳಿದರೆ ಮಾಲೀಕ, “ಕಾಲೇಜು ಅಂತಾರೆ ಸರ್, ನಾನೇನ್ ಮಾಡ್ಲಿ” ಎಂದ. ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವ ಪದ್ಧತಿ ಸಂಜೆ ಮಾತ್ರ ಇದ್ದು ಬೆಳಿಗ್ಗೆ ಇಲ್ಲದಿರುವುದು ಮರೆವಲ್ಲ, ವ್ಯಾಪಾರ. ಆಟದ ಗೀಳು ಎಂಬುದು ಅಜ್ಜಿಯಂದಿರ ಕಲ್ಪನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ರೋಗಗಳ ಪಟ್ಟಿಗೆ ಸೇರಿಸಿ, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಆದರೆ ಆ ಪಟ್ಟಿಯಲ್ಲಿರುವ ಲಕ್ಷಣಗಳನ್ನು ಓದಿದವರಿಗೆ ತಿಳಿಯುತ್ತದೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಂಡರೂ ನಿಲ್ಲಿಸಲಾಗದಿರಬೇಕು, ಇದರಿಂದ ಮನೆ, ಓದು, ಕೆಲಸ ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ನಡೆದಿರಬೇಕು. ಗುರುವಾರದ ದಂತವೈದ್ಯರು ಇದರಲ್ಲಿ ಬರುವುದಿಲ್ಲ. ಜಾಕೆಟ್ ಹಾಕಿಕೊಂಡು ಕೂತವರಲ್ಲಿ ಒಬ್ಬ ಬರಬಹುದು, ಅವನನ್ನು ಗುರುತಿಸಬಹುದಾದ ಮೊದಲ ಮನುಷ್ಯ ಕೌಂಟರಿನಲ್ಲಿ ಕೂತವನೇ. ಹಗಲು ಹೊತ್ತಿನ ಮೂವರು ಹುಡುಗರಿಂದ ಬರುವ ಇನ್ನೂರು ರೂಪಾಯಿಗಾಗಿ ಸಂಜೆಯ ಎಲ್ಲ ಗಿರಾಕಿಗಳ ಹೆಸರನ್ನೂ ಅಡವಿಡುವುದು ಲೆಕ್ಕದ ದೃಷ್ಟಿಯಿಂದಲೂ ಜಾಣತನವಲ್ಲ ಎಂದು ಅವನಿಗೆ ಹೇಳಿದ್ದೇನೆ. ನಂತರ ಎರಡು ಸಲ ಬೆಳಿಗ್ಗೆ ಹೋದಾಗ ಅವರು ಕಾಣಲಿಲ್ಲ. ಎರಡೇ ಸಲ ಎಂಬುದನ್ನೂ ಹೇಳಬೇಕು.

ದರ ಗಂಟೆಗೆ 60 ರೂಪಾಯಿ, 240 ಹರ್ಟ್ಸ್ ಮಾನಿಟರ್‌ಗೆ 80, ಪ್ಲೇಸ್ಟೇಷನ್ ಇಬ್ಬರಿಗೆ ಸೇರಿ 120. ಐದು ಗಂಟೆಯ ಪ್ಯಾಕೇಜ್ 250ಕ್ಕೆ ಸಿಗುತ್ತದೆ, ತಿಂಗಳೊಳಗೆ ಬಳಸಬೇಕು. ನಾನು ಪದವಿ ಮುಗಿಸುವ ಹೊತ್ತಿಗೆ ಸರಸ್ವತಿಪುರಂನ ಸೈಬರ್ ಕೆಫೆಯೊಂದರಲ್ಲಿ ಗಂಟೆಗೆ 20 ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆ, ಮನೆಯಲ್ಲಿ ಟ್ಯಾಲಿ ಕಲಿಯಲು ಹೋಗುತ್ತೇನೆ ಎಂದಿದ್ದೆ; ಆ ಲೆಕ್ಕದಲ್ಲಿ ದರ ಹೆಚ್ಚೇನಲ್ಲ. ತಿಂಡಿಗೆ ಮ್ಯಾಗಿ ಒಳಗೇ ಸಿಗುತ್ತದೆ, ತಿನ್ನದಿರುವುದು ಒಳ್ಳೆಯದು. ಕೆಳಗಿನ ಬೇಕರಿಯಿಂದ ಎಗ್ ಪಫ್ ತರಿಸಿಕೊಳ್ಳಬಹುದು, ಆದರೆ ಎಣ್ಣೆ ಕೈಯಲ್ಲಿ ಮೌಸ್ ಮುಟ್ಟಿದರೆ ಮಾಲೀಕ ಟಿಶ್ಯೂ ಪೇಪರ್ ತಂದು ಪಕ್ಕದಲ್ಲಿ ನಿಲ್ಲುತ್ತಾನೆ. ಹೆಡ್‌ಸೆಟ್, ಚಿಲಕ ಮತ್ತು ಬೆಳಗಿನ ರಿಜಿಸ್ಟರ್ ಈ ಮೂರು ಸರಿಯಾದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಸದ್ಯಕ್ಕೆ ಮೂರು.

ಗಾಜಿನ ಬಗ್ಗೆ ನಾನು ಒತ್ತಾಯಿಸಿದ್ದರಿಂದಲೋ, ಹಳೆಯದಾಗಿ ತಾನೇ ಸುಲಿಯುತ್ತಿದ್ದುದರಿಂದಲೋ, ಹೋದ ತಿಂಗಳು ಒಂದು ಕಿಟಕಿಯ ಫಿಲ್ಮನ್ನು ಪೂರ್ತಿ ತೆಗೆಸಿ ಬೂದು ಬಣ್ಣದ ಬ್ಲೈಂಡ್ಸ್ ಹಾಕಿಸಿದ್ದಾನೆ. ತಲೆಬುರುಡೆಯ ಅರ್ಧ ಅದರ ಜೊತೆಗೆ ಹೋಯಿತು; ಉಳಿದ ಅರ್ಧ ಈಗ ರಸ್ತೆಯಿಂದ ನೋಡಿದರೆ ಹಲ್ಲುನೋವಿನವನಂತೆ ಕಾಣುತ್ತದೆ. ಆ ಕಿಟಕಿಯ ಪಕ್ಕದಲ್ಲಿರುವುದು ಏಳನೆಯ ಯಂತ್ರ, 240 ಹರ್ಟ್ಸ್ ಮಾನಿಟರ್ ಇರುವ ಆರರಲ್ಲೊಂದು. ಹೊಸದಾಗಿ ಹೋಗುವವರು ಅದನ್ನು ಕೇಳಿ ಪಡೆಯಬಹುದು, ಶನಿವಾರ ಸಂಜೆಯೂ ಕಾಯಬೇಕಾಗಿಲ್ಲ, ಅಲ್ಲಿ ಯಾರೂ ಕೂರುತ್ತಿಲ್ಲ. ಮೊನ್ನೆ ಮಾಲೀಕ ನನಗೆ ಅದನ್ನೇ ಕೊಡಲು ಬಂದ. ಕಣ್ಣಿಗೆ ಬೆಳಕು ಹೊಡೆಯುತ್ತದೆ ಎಂದು ಹೇಳಿ ಹದಿನಾಲ್ಕಕ್ಕೆ ಹೋಗಿ ಕೂತೆ. ಹೊರಗೆ ರಾತ್ರಿ ಎಂಟೂವರೆ ಆಗಿತ್ತು.